ಚಾರ್ಜ್‌ಶೀಟ್ ಮುಟ್ಟುವುದೇ ಇಲ್ಲ ಅಂದರೆ?

ಪ್ರಶ್ನೆ: ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಹಳೆಯ ಆಪರೇಟರ್ ಒಬ್ಬರು ಶಿಫ್ಟ್ ನಡುವೆ ಯಂತ್ರ ಬಿಟ್ಟು ಹೋದರು, ಕೇಳಿದ ಸೂಪರ್‌ವೈಸರ್‌ಗೆ ಕೆಟ್ಟದಾಗಿ ಬೈದರು. ಆರೋಪಗಳನ್ನು ಬರೆದ ಕಂಪನಿಯ ಚಾರ್ಜ್‌ಶೀಟ್ ಕೊಡಲು ಹೋದರೆ ಕೈಯಲ್ಲೂ ಹಿಡಿಯಲಿಲ್ಲ. ‘ಸಹಿ ಹಾಕಲ್ಲ, ಏನ್ ಮಾಡ್ಕೊತೀರೋ ಮಾಡ್ಕೊಳ್ಳಿ’ ಅಂದು ಹೊರಟುಹೋದರು. ‘ಇದೇ ಸಾಕು, ಇವತ್ತೇ ಕೆಲಸದಿಂದ ತೆಗೆಯಿರಿ’ ಅನ್ನುತ್ತಿದ್ದಾರೆ ನಮ್ಮ ಮ್ಯಾನೇಜರ್. ಹಾಗೆ ಮಾಡಬಹುದಾ? ಅವರು ತಗೊಳ್ಳದೆ ವಿಚಾರಣೆ ಶುರು ಮಾಡುವುದು ಹೇಗೆ?

ಉತ್ತರ: ಇವತ್ತೇ ತೆಗೆಯಬೇಡಿ. ಇದನ್ನು ಮೊದಲು ನಿಮ್ಮ ಮ್ಯಾನೇಜರ್‌ಗೆ ಹೇಳಿಬಿಡಿ. ಕಾಗದ ತಗೊಳ್ಳಲಿಲ್ಲ ಅಂದ ಮಾತ್ರಕ್ಕೆ ಅದರಲ್ಲಿರುವ ಆರೋಪ ಸಾಬೀತಾಗುವುದಿಲ್ಲ. ವಿಚಾರಣೆ ಇಲ್ಲದೆ ಹೀಗೆ ತೆಗೆದರೆ ನಾಳೆ ಲೇಬರ್ ಕೋರ್ಟ್‌ನಲ್ಲಿ ಯಂತ್ರದ ಮಾತೂ ಬರುವುದಿಲ್ಲ, ಬೈಗುಳದ ಮಾತೂ ಬರುವುದಿಲ್ಲ. ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಟ್ಟಿದ್ದೀರಾ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಅವರು ತಗೊಳ್ಳಲಿಲ್ಲ ಅಂತ ನೀವು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ.

ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ನೋಟೀಸ್ ಬೇಡ ಅಂದ ಜಾಸ್ತಿ ಜನ ಹಟಮಾರಿಗಳಲ್ಲ, ಹೆದರಿದವರು. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವರು ನಂಬಿರುತ್ತಾರೆ. ಯಾರೋ ಕ್ಯಾಂಟೀನ್‌ನಲ್ಲಿ ಹಾಗೆ ಹೇಳಿರುತ್ತಾರೆ. ಅದರ ಮೇಲೆ ಕಾಗದ ಇಂಗ್ಲಿಷಿನಲ್ಲಿದ್ದರೆ ಮುಗಿಯಿತು. ಏನಿದೆ ಅಂತ ಗೊತ್ತಿಲ್ಲದ ಎರಡು ಪುಟಕ್ಕೆ ನೀವಾದರೂ ಸಹಿ ಹಾಕುತ್ತೀರಾ?

ಆದ್ದರಿಂದ ಮೊದಲು ಚಾರ್ಜ್‌ಶೀಟ್ ಅವರಿಗೆ ಓದಲು ಬರುವ ಭಾಷೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅನುವಾದ ಮಾಡಿಸಿ, ಎರಡನ್ನೂ ಒಟ್ಟಿಗೆ ಇಡಿ. ಆಮೇಲೆ ಇನ್ನೊಮ್ಮೆ ಕರೆಯಿರಿ. ಎಲ್ಲರೂ ನೋಡುತ್ತಿರುವಾಗ ಯಂತ್ರದ ಹತ್ತಿರ ಹೋಗಿ ಕೊಡಬೇಡಿ. ಸಹೋದ್ಯೋಗಿಗಳ ಮುಂದೆ ಕೊಟ್ಟರೆ ಮರ್ಯಾದೆಗಾಗಿಯಾದರೂ ಬೇಡ ಅಂತಾರೆ. ಕೋಣೆಯಲ್ಲಿ ಕೂರಿಸಿ ಕೊಡಿ. ‘ಈ ಸಹಿ ಕಾಗದ ಸಿಕ್ಕಿದೆ ಅನ್ನುವುದಕ್ಕೆ ಮಾತ್ರ. ಬೇಕಾದರೆ ಆರೋಪ ಒಪ್ಪಿಲ್ಲ ಅಂತ ನೀವೇ ಬರೆದು ಸಹಿ ಹಾಕಿ’ ಅಂತ ಹೇಳಿ. ಇಷ್ಟು ಹೇಳಿದ ಮೇಲೆ ಪೆನ್ನು ಕೇಳಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗಲೂ ಬೇಡ ಅಂದರೆ? ಇಬ್ಬರು ಸಾಕ್ಷಿಗಳ ಮುಂದೆ ಪೂರ್ತಿ ಓದಿ ಹೇಳಿ. ಜಗಳದಲ್ಲಿದ್ದ ಸೂಪರ್‌ವೈಸರ್ ಸಾಕ್ಷಿಯಾಗಬಾರದು. ಒಬ್ಬರಾದರೂ ಬೇರೆ ವಿಭಾಗದವರಿರಲಿ, ಕಾರ್ಮಿಕರ ಪೈಕಿಯವರು ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲೇ ಕೂತು ಆಫೀಸ್ ಪ್ರತಿಯ ಮೇಲೆ ಸಣ್ಣ ಮಹಜರು ಬರೆಯಿರಿ: ‘ಇಂಥ ತಾರೀಖು, ಇಷ್ಟು ಗಂಟೆಗೆ, ಸಿಬ್ಬಂದಿ ಕೋಣೆಯಲ್ಲಿ, ಇವರಿಗೆ ಚಾರ್ಜ್‌ಶೀಟ್ ನೀಡಲಾಯಿತು. ಓದಿ ಹೇಳಲಾಯಿತು. ತೆಗೆದುಕೊಳ್ಳಲು ನಿರಾಕರಿಸಿದರು.’ ಅವರು ಆಡಿದ ಮಾತನ್ನು ಹಾಗೇ ಬರೆಯಿರಿ, ಬಣ್ಣ ಹಚ್ಚಬೇಡಿ. ಕೆಳಗೆ ನಿಮ್ಮ ಮತ್ತು ಸಾಕ್ಷಿಗಳ ಸಹಿ. ಸಂಜೆ ನೆನಪು ಮಾಡಿಕೊಂಡು ಬರೆದದ್ದು ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ.

ಓದಿ ಹೇಳುವುದು ಬರೀ ಶಾಸ್ತ್ರ ಅಂದುಕೊಳ್ಳಬೇಡಿ. ಒಮ್ಮೆ ನಾನು ಹೀಗೆ ಓದುತ್ತಿದ್ದಾಗ, ಅಲ್ಲಿಯವರೆಗೆ ಮುಖ ತಿರುಗಿಸಿ ನಿಂತಿದ್ದ ಹುಡುಗ ತಟ್ಟನೆ, ‘ಮೇಡಂ, ಆ ತಾರೀಖು ನನಗೆ ವಾರದ ರಜೆ’ ಅಂದ. ಟೈಮ್ ಆಫೀಸಿನ ಹಾಜರಿ ಮಸ್ಟರ್ ತರಿಸಿ ನೋಡಿದರೆ ನಿಜ. ತಾರೀಖು ತಪ್ಪಾಗಿ ಟೈಪ್ ಆಗಿತ್ತು. ಅದೇ ಕಾಗದದ ಮೇಲೆ ವಿಚಾರಣೆ ನಡೆದಿದ್ದರೆ ಮೊದಲ ದಿನವೇ ಬಿದ್ದುಹೋಗುತ್ತಿತ್ತು.

ಇದರ ಜೊತೆಗೆ ಅಂಚೆಯಲ್ಲೂ ಕಳಿಸಿ. ಅವರು ಕಂಪನಿಗೆ ಕೊನೆಯದಾಗಿ ಕೊಟ್ಟ ವಿಳಾಸಕ್ಕೆ ಹೋಗಲಿ. ಊರಿನ ಖಾಯಂ ವಿಳಾಸ ಬೇರೆ ಇದ್ದರೆ ಅಲ್ಲಿಗೂ ಹೋಗಲಿ. ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಹಾಗಾಗಿ ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಷನ್ ಮತ್ತು ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೇಳಿ ಮಾಡಿಸಿ. ರಸೀದಿ ಜೋಪಾನ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ ಮಾಡಿ ಕಳಿಸಿದ ಪತ್ರ ತಲುಪಿದೆ ಎಂದೇ ಭಾವಿಸುವ ನಿಯಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿದೆ. ತಲುಪಿಲ್ಲ ಅನ್ನುವವರು ಅದನ್ನು ತೋರಿಸಿಕೊಡಬೇಕು.

ಲಕೋಟೆ ವಾಪಸ್ ಬಂದರೆ ಒಡೆಯಬೇಡಿ. ಅದರ ಮೇಲಿನ ಷರಾ ಓದಿ. ಇಲ್ಲಿ ತುಂಬ ಜನ ಎಡವುತ್ತಾರೆ. ‘ರೆಫ್ಯೂಸ್ಡ್’ ಅಂತ ಅಂಚೆಯವರು ಬರೆದಿದ್ದರೆ ನೋಟೀಸ್ ಜಾರಿಯಾದಂತೆಯೇ. ‘ನಾಟ್ ಫೌಂಡ್’ ಅಂತ ಇದ್ದರೆ ಹಾಗಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಕೇಂದ್ರ ಸರ್ಕಾರಿ ನೌಕರರೊಬ್ಬರ ಪ್ರಕರಣ ಬಂದಿತ್ತು. ಚಾರ್ಜ್‌ಶೀಟ್ ಇದ್ದ ಲಕೋಟೆ ‘ನಾಟ್ ಫೌಂಡ್’ ಷರಾದೊಂದಿಗೆ ಮರಳಿತ್ತು. ಇಲಾಖೆ ಅಷ್ಟಕ್ಕೇ ಜಾರಿಯಾಯಿತು ಅಂತ ಮುಂದುವರಿದು ಕೆಲಸದಿಂದ ತೆಗೆದಿತ್ತು. ಇದು ಜಾರಿಯೇ ಅಲ್ಲ ಎಂದಿತು ಕೋರ್ಟ್. ಮುಂದಿನ ಷೋಕಾಸ್ ನೋಟೀಸನ್ನು ನೇರವಾಗಿ ಪತ್ರಿಕೆಯಲ್ಲಿ ಹಾಕಿದ್ದನ್ನೂ ಒಪ್ಪಲಿಲ್ಲ, ಮೊದಲು ಮಾಮೂಲಿ ದಾರಿಯಲ್ಲಿ ತಲುಪಿಸಲು ಯತ್ನಿಸಿರಲಿಲ್ಲ ಅಂತ. ಪತ್ರಿಕೆ ಪ್ರಕಟಣೆ ಕೊನೆಯ ದಾರಿ. ದಿನವೂ ಕಣ್ಣೆದುರು ಕೆಲಸಕ್ಕೆ ಬರುವವರ ವಿಷಯದಲ್ಲಿ ಅದರ ಗೊಡವೆಯೇ ಬೇಡ.

ಇಮೇಲ್, ವಾಟ್ಸ್ಆ್ಯಪ್‌ನಲ್ಲೂ ಕಳಿಸಬಹುದು, ಆದರೆ ಅವರ ಸ್ವಂತ ನಂಬರಿಗೆ ಮಾತ್ರ, ಅದೂ ಅಂಚೆಯ ಜೊತೆಗೆ. ವಿಭಾಗದ ಗ್ರೂಪಿಗೆ ದಯವಿಟ್ಟು ಹಾಕಬೇಡಿ. ನೋಟೀಸ್ ಬೋರ್ಡಿಗೆ ಅಂಟಿಸಬೇಕು ಅಂತ ನಿಮ್ಮ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ, ಅಂದರೆ ಕಾರ್ಖಾನೆಯ ಕೆಲಸದ ನಿಯಮಾವಳಿಯಲ್ಲಿ, ಇದ್ದರೆ ಅದು ಹೇಳಿದಷ್ಟೇ ಮಾಡಿ. ಆರೋಪ ಇನ್ನೂ ಸಾಬೀತಾಗಿಲ್ಲ. ಅವರೂ ನಾಳೆ ಇದೇ ಗೇಟಿನಿಂದ ಒಳಗೆ ಬರಬೇಕು ಅಲ್ವಾ?

ಮ್ಯಾನೇಜರ್ ಮಾತಿಗೆ ಬರುತ್ತೇನೆ. ಚಾರ್ಜ್‌ಶೀಟ್ ನಿರಾಕರಿಸುವುದೇ ದುರ್ನಡತೆ ಅಂತ ಹಲವು ಕಾರ್ಖಾನೆಗಳ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಬರೆದಿರುತ್ತದೆ. 1946ರ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಿಮ್ಮಲ್ಲಿ ಈಗ ಯಾವ ನಿಯಮ ನಡೆಯುತ್ತದೆ ಅಂತ ಕಾನೂನು ಸಲಹೆಗಾರರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಹಾಗೆ ಬರೆದಿದ್ದರೂ ಅದಕ್ಕೆ ಬೇರೆ ಆರೋಪ, ಬೇರೆ ಉತ್ತರದ ಅವಕಾಶ ಬೇಕು. ನನ್ನನ್ನು ಕೇಳಿದರೆ ಆ ಆರೋಪ ಸೇರಿಸಲೇಬೇಡಿ. ಸುಮ್ನೆ ಸೇಡಿನಂತೆ ಕಾಣುತ್ತದೆ. ಯಂತ್ರ ಬಿಟ್ಟು ಹೋದದ್ದು ನಿಜವಾದರೆ ಅದನ್ನೇ ಸಾಬೀತು ಮಾಡಿ.

ವಿಚಾರಣೆಗೂ ಇದೇ ಎಚ್ಚರ ಇರಲಿ. ದೂರು ಕೊಟ್ಟ ಸೂಪರ್‌ವೈಸರ್ ವಿಚಾರಣಾಧಿಕಾರಿ ಆಗಬಾರದು. ತಾರೀಖಿನ ಪತ್ರವನ್ನೂ ಇದೇ ರೀತಿ ಕಳಿಸಿ. ಮೊದಲ ಸಲ ಬರಲಿಲ್ಲ ಅಂದರೆ ಇನ್ನೊಂದು ತಾರೀಖು ಕೊಡಿ. ಆಮೇಲೂ ಬರದಿದ್ದರೆ ಎಕ್ಸ್‌ಪಾರ್ಟಿ, ಅಂದರೆ ಅವರ ಗೈರಿನಲ್ಲೇ, ವಿಚಾರಣೆ ನಡೆಸಬಹುದು. ಎಕ್ಸ್‌ಪಾರ್ಟಿ ಅಂದರೆ ನೇರ ತೀರ್ಪು ಅಲ್ಲ. ಸಾಕ್ಷಿಗಳನ್ನು ಕರೆಸಿ, ಹೇಳಿಕೆ ಬರೆದುಕೊಂಡು, ದಾಖಲೆ ನೋಡಿಯೇ ವರದಿ ಕೊಡಬೇಕು. ಅವರು ಅರ್ಧದಲ್ಲಿ ಬಂದು ಬಾಗಿಲಲ್ಲಿ ನಿಂತರೆ ಒಳಗೆ ಕರೆದು ಕೂರಿಸಿ, ಅಲ್ಲಿಯವರೆಗಿನ ನಡಾವಳಿ ಓದಲು ಕೊಡಿ.

ಪ್ರಶ್ನೆ: ನನ್ನ ಯಜಮಾನರು ಕಂಪನಿಯಿಂದ ಬಂದ ಅಂಚೆಯನ್ನು ವಾಪಸ್ ಕಳಿಸಿದ್ದಾರೆ. ತಗೊಂಡರೆ ತಾನೇ ಕೇಸು ಅಂತ ಅವರ ವಾದ. ನನಗೆ ಭಯವಾಗುತ್ತಿದೆ. ಈಗ ಏನು ಮಾಡಬಹುದು?

ಉತ್ತರ: ನಿಮ್ಮ ಭಯ ಸರಿಯಾಗಿದೆ ತಾಯಿ. ತಗೊಳ್ಳದಿದ್ದರೂ ಕೇಸು ನಡೆಯುತ್ತದೆ, ಅವರ ಮಾತು ಮಾತ್ರ ಅದರಲ್ಲಿ ಇರುವುದಿಲ್ಲ. ನಾಳೆಯೇ ಆಫೀಸಿಗೆ ಹೋಗಿ ಪ್ರತಿ ಕೇಳಲಿ, ಬಾಯಲ್ಲಲ್ಲ, ಅರ್ಜಿ ಬರೆದು. ಕೊಟ್ಟಾಗ ‘ಪತ್ರ ಸ್ವೀಕರಿಸಿದ್ದೇನೆ, ಆರೋಪ ಒಪ್ಪಿಲ್ಲ’ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಲಿ. ಉತ್ತರದ ಗಡುವು ಮುಗಿದಿದ್ದರೆ ಅದೇ ಅರ್ಜಿಯಲ್ಲಿ ಕಾಲಾವಕಾಶ ಕೇಳಲಿ. ವಿಚಾರಣೆಯಲ್ಲಿ ಜೊತೆಗೆ ಕೂರಲು ಒಬ್ಬ ಸಹೋದ್ಯೋಗಿ ಬೇಕು ಅಂತಲೂ ಬರೆಯಲಿ. ಅರ್ಜಿಯ ಇನ್ನೊಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಂಡು ಮನೆಗೆ ತರಲಿ.