ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ಮಾರುವವರನ್ನು ಏನೇನು ಕೇಳಬೇಕು?

ನೋಡಲು ಹೋಗುವ ಮುಂಚೆ ಫೋನಿನಲ್ಲೇ ಒಂದು ಮಾತು ಹೇಳಿ: "ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವಾಗಲೇ ಕಟಕಟ ಸದ್ದು, ನೀಲಿ ಹೊಗೆ, ದುರ್ಬಲ ಬ್ಯಾಟರಿ ಎಲ್ಲ ಬಯಲಾಗುವುದು.

"ಆಕ್ಸಿಡೆಂಟ್ ಆಗಿದೆಯಾ?" ಅಂದರೆ ಬಹಳಷ್ಟು ಜನ "ಇಲ್ಲ" ಅಂದುಬಿಡುತ್ತಾರೆ. ಬದಲಿಗೆ ಯಾವ ಯಾವ ಭಾಗಕ್ಕೆ ಮತ್ತೆ ಪೇಂಟ್ ಆಗಿದೆ, ಯಾಕೆ ಅಂತ ಕೇಳಿ.

ಸರ್ವಿಸ್ ಬಿಲ್‌ಗಳನ್ನು ತೋರಿಸಲು ಹೇಳಿ. ಅವುಗಳಲ್ಲಿರುವ ಕಿಲೋಮೀಟರ್ ದಿನಾಂಕದ ಪ್ರಕಾರ ಏರುತ್ತಾ ಬಂದು ಈಗಿನ ಮೀಟರಿಗೆ ಹೊಂದಬೇಕು. ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳದಲ್ಲಿ ಓಡಿಸುವ ಪಟ್ಟಿ) ಇದ್ದರೆ ಅದನ್ನು ಯಾವಾಗ ಬದಲಾಯಿಸಿದ್ದು ಅನ್ನುವುದನ್ನು ಮರೆಯದೆ ಕೇಳಿ. ಓಡುವಾಗ ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆಮೇಲೆ ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು. "ಟೈರ್ ಹೊಸದು" ಅಂದರೆ ಟೈರಿನ ಬದಿಯಲ್ಲಿ ಅಚ್ಚಾಗಿರುವ ತಯಾರಿಕೆಯ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ದಾಖಲೆಯಲ್ಲಿರುವ ಹೆಸರು ಮಾರುವವರದ್ದೇನಾ? ಸಾಲ ಬಾಕಿ ಇದೆಯಾ? ತೀರಿದ್ದರೆ ಸಾಲ ಕೊಟ್ಟವರ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಎರಡನೇ ಕೀ ಇದೆಯಾ ಅಂತಲೂ ವಿಚಾರಿಸಿ, ಹೊಸದು ಮಾಡಿಸುವುದು ದುಬಾರಿ.

ಕೊನೆಗೆ, "ನಮ್ಮ ಮೆಕ್ಯಾನಿಕ್‌ಗೆ ತೋರಿಸಬಹುದಾ?" ಅಂತ ಕೇಳಿ. ಒಪ್ಪದಿದ್ದರೆ, ಗಾಡಿ ಎಷ್ಟೇ ಚೆನ್ನಾಗಿ ಕಂಡರೂ, ದಯವಿಟ್ಟು ಬಿಟ್ಟುಬಿಡಿ.