ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ ನಿಜಕ್ಕೂ ಅಷ್ಟು ದೊಡ್ಡ ಆಲ್ಬಮ್ಮಾ? ಕೇಳಿದವರು ಏನಂತಾರೆ?

ನೀವು ಕೇಳಿದ್ದು ಇಷ್ಟು. ಹಾರ್ಡ್ ರಾಕ್ ಕೇಳುವವರೆಲ್ಲ ಬ್ರಿಟನ್ನಿನ ಡೀಪ್ ಪರ್ಪಲ್ ಬ್ಯಾಂಡಿನ ‘ಮಷೀನ್ ಹೆಡ್’ ಆಲ್ಬಮನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ನೀವೂ ಕೂತು ಕೇಳಿದಿರಿ. ‘ಸ್ಮೋಕ್ ಆನ್ ದ ವಾಟರ್’ ಮೊದಲೇ ಗೊತ್ತಿತ್ತು, ಉಳಿದದ್ದು ಮನಸ್ಸಿಗೆ ಹಿಡಿಸಲಿಲ್ಲ. ಈ ಹೊಗಳಿಕೆ ಬರೀ ಹಳೆಯ ಹೆಸರಿಗೆ ಸಲ್ಲುತ್ತಿದೆಯಾ, ಕೇಳಿದವರ ಮನಸ್ಸಿನಲ್ಲಿ ನಿಜವಾಗಿ ಏನಿದೆ?

ಬರೀ ಹೆಸರಿಗಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆದರೆ ಹೊಗಳುವವರ ನಡುವೆಯೇ ಜಗಳ ಜಾಸ್ತಿ. ಯಾವ ಹಾಡು ದೊಡ್ಡದು, ಯಾವುದು ಸುಮಾರು, ಈ ಆಲ್ಬಂ ದೊಡ್ಡದಾ ಅದರ ಲೈವ್ ರೂಪ ದೊಡ್ಡದಾ, ಒಂದರಲ್ಲೂ ಒಮ್ಮತ ಇಲ್ಲ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಗಿಟಾರ್ ಆಲ್ಬಂ ಅಂದುಕೊಂಡು ಕೇಳಿದವರಿಗೆ ಅರ್ಧ ಮಾತ್ರ ಸಿಗುತ್ತದೆ. ಇನ್ನರ್ಧ ಬ್ಯಾಂಡಿನ ಜಾನ್ ಲಾರ್ಡ್ ನುಡಿಸಿದ ಹ್ಯಾಮಂಡ್ ಆರ್ಗನ್ನಿನಲ್ಲಿದೆ, ಅಂದರೆ ಕರೆಂಟಿನಿಂದ ನುಡಿಯುವ ಕೀಬೋರ್ಡ್ ವಾದ್ಯದಲ್ಲಿ. ನಿಮಗೆ ತಪ್ಪಿಹೋದದ್ದು ಅದೇ ಅಂತ ನನಗೆ ಅನಿಸುತ್ತದೆ.

ಆಲ್ಬಂ ಬಂದದ್ದು 1972ರ ಮಾರ್ಚ್‌ನಲ್ಲಿ. ಏಳೇ ಹಾಡು, 40 ನಿಮಿಷವೂ ಇಲ್ಲ. ಇಯಾನ್ ಗಿಲನ್ ಹಾಡು, ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ರೋಜರ್ ಗ್ಲೋವರ್ ಬಾಸ್, ಜಾನ್ ಲಾರ್ಡ್ ಆರ್ಗನ್, ಇಯಾನ್ ಪೇಸ್ ಡ್ರಮ್ಸ್. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಏಳನೆಯದಕ್ಕೆ.

ಬೆಂಕಿಯ ಕಥೆ ನೀವು ಕೇಳಿರುತ್ತೀರಿ. ಸ್ವಿಟ್ಜರ್ಲೆಂಡಿನ ಮೊಂಟ್ರೊ ಊರಿನ ಕ್ಯಾಸಿನೋದಲ್ಲಿ ರೆಕಾರ್ಡ್ ಮಾಡಬೇಕು ಅಂತ ಇವರು ಹೋದರು. 1971ರ ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಅವರ ಕಾರ್ಯಕ್ರಮ ಇತ್ತು. ಅದು ಮುಗಿದ ಮೇಲೆ ಜಾಗ ಇವರಿಗೆ ಸಿಗಬೇಕಿತ್ತು. ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ ಹಾರಿಸಿದ. ಚಾವಣಿಗೆ ಬೆಂಕಿ ಹತ್ತಿತು, ಕಟ್ಟಡ ಸುಟ್ಟುಹೋಯಿತು. ಜನ ಬಚಾವಾದರು. ಮೊಂಟ್ರೊ ಜಾಝ್ ಉತ್ಸವ ನಡೆಸುತ್ತಿದ್ದ ಕ್ಲಾಡ್ ನಾಬ್ಸ್ ಒಳಗಿದ್ದ ಹುಡುಗರನ್ನು ಹೊರಗೆ ಎಳೆದು ತಂದರು. ಹೊಗೆ ಜಿನೀವಾ ಸರೋವರದ ಮೇಲೆ ಹರಡಿತು. ‘ಸ್ಮೋಕ್ ಆನ್ ದ ವಾಟರ್’, ಅಂದರೆ ನೀರಿನ ಮೇಲೆ ಹೊಗೆ, ಅನ್ನುವ ಹಾಡು ಹುಟ್ಟಿದ್ದು ಅಲ್ಲಿಂದ.

ಆದರೆ ನನಗೆ ಆ ಬೆಂಕಿಗಿಂತ ಆಮೇಲೆ ನಡೆದದ್ದು ಮುಖ್ಯ. ಮೊದಲು ಊರೊಳಗಿನ ಒಂದು ಹಳೆಯ ಥಿಯೇಟರ್ ಸಿಕ್ಕಿತು. ಅಲ್ಲಿ ಒಂದು ಹಾಡಿನ ವಾದ್ಯದ ಭಾಗ ಹಿಡಿದರು. ಅದೇ ಮುಂದೆ ‘ಸ್ಮೋಕ್ ಆನ್ ದ ವಾಟರ್’ ಆಯಿತು. ಅಷ್ಟರಲ್ಲಿ ಅಕ್ಕಪಕ್ಕದವರು ಗಲಾಟೆ ಅಂತ ದೂರು ಕೊಟ್ಟು, ಪೊಲೀಸರು ಬಂದು, ಜಾಗ ಖಾಲಿ ಮಾಡಬೇಕಾಯಿತು. ಕಡೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲ್. ಅದರ ಕಾರಿಡಾರಿನಲ್ಲಿ ವಾದ್ಯ ಇಟ್ಟುಕೊಂಡು, ಸದ್ದು ಚದುರದ ಹಾಗೆ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನುಡಿಸಿದರು. ರೆಕಾರ್ಡಿಂಗ್ ಯಂತ್ರ ಇದ್ದದ್ದು ಹೊರಗೆ ನಿಂತ ಟ್ರಕ್ಕಿನಲ್ಲಿ. ರೋಲಿಂಗ್ ಸ್ಟೋನ್ಸ್‌ನವರ ಮೊಬೈಲ್ ಸ್ಟುಡಿಯೋ ಅದು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ರೂಮು, ಬಾಲ್ಕನಿ ಎಲ್ಲಾ ದಾಟಿ ಟ್ರಕ್ಕಿನವರೆಗೆ ಹೋಗಬೇಕು. ಆ ಓಡಾಟಕ್ಕೆ ಬೇಸತ್ತು, ಬರಬರುತ್ತಾ ಕೇಳಲು ಹೋಗುವುದನ್ನೇ ಬಿಟ್ಟರು. ಸರಿಯಾಗಿ ಬಂತು ಅನ್ನಿಸಿದರೆ ಮುಂದಿನದಕ್ಕೆ ಹೋಗುವುದು, ಅಷ್ಟೇ. ಹತ್ತಿಪ್ಪತ್ತು ದಿನದೊಳಗೆ ಕೆಲಸ ಮುಗಿಯಿತು.

ಈ ಆಲ್ಬಂನಲ್ಲಿ ಒಣ ಸದ್ದು ಇದೆ, ಯಾವುದೂ ಮೆತ್ತಗಿಲ್ಲ ಅಂತ ಕೆಲವರು ದೂರುತ್ತಾರೆ. ನನಗೆ ಅದೇ ಇಷ್ಟ. ಐದು ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಟ್ರಕ್ಕಿನಲ್ಲಿ ಕೂತಿದ್ದ ಎಂಜಿನಿಯರ್ ಮಾರ್ಟಿನ್ ಬರ್ಚ್. ಮುಂದೆ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ದೊಡ್ಡ ದೊಡ್ಡ ಆಲ್ಬಮ್ಮುಗಳನ್ನು ಮಾಡಿಸಿದವರೂ ಇವರೇ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಡನ್ ನೋಡಲು ನಿಂತಿದ್ದ ಜನರಿಗೆ ಬರ್ಚ್ ಹಿಡಿದ ಸದ್ದು ಚೆನ್ನಾಗಿಯೇ ಗೊತ್ತಿತ್ತು. ಬರ್ಚ್ ಹೆಸರು ಮಾತ್ರ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಈಗ ‘ಸ್ಮೋಕ್ ಆನ್ ದ ವಾಟರ್’ ವಿಷಯ. ಕೇಳಿ ಕೇಳಿ ಸವೆದುಹೋಗಿದೆ ಅನ್ನುವುದು ತುಂಬಾ ಜನರ ಮಾತು. ಗಿಟಾರ್ ಕ್ಲಾಸಿಗೆ ಸೇರಿದ ಪ್ರತಿ ಹುಡುಗನೂ ಮೊದಲ ವಾರ ಮನೆಯಲ್ಲಿ ಇದನ್ನೇ ನುಡಿಸುತ್ತಾನೆ. ನನ್ನ ಅಕ್ಕನ ಮಗನೂ ಅದನ್ನೇ ಮಾಡಿದ. ಒಂದು ತಂತಿಯ ಮೇಲೆ, ಪಿಕ್ ಅನ್ನುವ ಚಿಕ್ಕ ಬಿಲ್ಲೆ ಹಿಡಿದು, ಟಣ್ ಟಣ್ ಅಂತ. ಬ್ಲ್ಯಾಕ್‌ಮೋರ್ ನುಡಿಸುವುದು ಹಾಗಲ್ಲ. ಅವರು ಎರಡು ತಂತಿಯನ್ನು ಒಟ್ಟಿಗೆ ಬೆರಳಿನಿಂದ ಎಳೆಯುತ್ತಾರೆ, ಪಿಕ್ ಮುಟ್ಟುವುದಿಲ್ಲ. ಪಿಕ್ ಆದರೆ ಒಂದು ತಂತಿ ಮುಂದೆ, ಒಂದು ಹಿಂದೆ ಬೀಳುತ್ತದೆ. ಬೆರಳಿನಲ್ಲಿ ಎರಡೂ ಒಂದೇ ಗಳಿಗೆಗೆ ಮೊಳಗುತ್ತವೆ. ಅಕ್ಕನ ಮಗನಿಗೆ ಇದನ್ನು ತೋರಿಸಿದಾಗ ಅವನೇ ನಿಲ್ಲಿಸಿ ಮತ್ತೆ ನುಡಿಸಿ ನೋಡಿದ. ವ್ಯತ್ಯಾಸ ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಆ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕು, ಬೆಳೆಯುವ ರೀತಿ. ಮೊದಲು ಗಿಟಾರ್ ಒಂದೇ. ಆಮೇಲೆ ಪೇಸ್ ಅವರ ಹೈ-ಹ್ಯಾಟ್, ಅಂದರೆ ಡ್ರಮ್ಸಿನ ಜೋಡಿ ತಾಳದ ತಟ್ಟೆ, ಚಿಟಿಚಿಟಿ ಅಂತ ಸೇರುತ್ತದೆ. ಆರ್ಗನ್ ಅದೇ ಸ್ವರಗಳ ಮೇಲೆ ಬಂದು ಕೂರುತ್ತದೆ. ಡ್ರಮ್ಸ್ ಪೂರ್ತಿ ಇಳಿಯುತ್ತದೆ. ಕಡೆಗೆ ಬಾಸ್. ಎಲ್ಲರೂ ಸೇರಿದ ಮೇಲೆ ನಿಮಗೆ ಕೇಳಿಸುವ ಆ ಭಾರವಾದ ಸದ್ದು ಗಿಟಾರಿನದ್ದು ಮಾತ್ರ ಅಲ್ಲ, ಅದರಲ್ಲಿ ಆರ್ಗನ್ನಿನ ಪಾಲೂ ಇದೆ. ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾರಣ ಇದೆ. ಹ್ಯಾಮಂಡ್ ಆರ್ಗನ್ನನ್ನು ಸಾಮಾನ್ಯವಾಗಿ ಲೆಸ್ಲಿ ಅನ್ನುವ ಸ್ಪೀಕರ್ ಮೂಲಕ ಕೇಳಿಸುತ್ತಾರೆ. ಅದರೊಳಗೆ ಹಾರ್ನ್ ತಿರುಗುತ್ತದೆ, ಸದ್ದು ಅಲೆ ಅಲೆಯಾಗಿ ಬರುತ್ತದೆ. ಲಾರ್ಡ್ ಅದನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಆಗ ಆರ್ಗನ್ ಗುರುಗುಟ್ಟಲು ಶುರುಮಾಡಿತು. ಗಿಟಾರ್ ಎದುರು ಮುಚ್ಚಿಹೋಗದ ಕೀಬೋರ್ಡ್ ಬೇಕು ಅನ್ನುವುದೇ ಅವರ ಹಟ.

ಈ ಮನುಷ್ಯ ಚಿಕ್ಕಂದಿನಿಂದ ಶಾಸ್ತ್ರೀಯ ಪಿಯಾನೋ ಕಲಿತವರು. 1969ರಲ್ಲೇ ರಾಕ್ ಬ್ಯಾಂಡ್ ಮತ್ತು ಆರ್ಕೆಸ್ಟ್ರಾ ಎರಡೂ ಸೇರಿ ನುಡಿಸುವ ಕೃತಿ ಬರೆದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದ್ದರು. ಆ ಕಲಿಕೆ ‘ಹೈವೇ ಸ್ಟಾರ್’ನಲ್ಲಿ ನಿಚ್ಚಳವಾಗಿ ಕೇಳುತ್ತದೆ. ಎಲ್ಲರೂ ಅದರ ಗಿಟಾರ್ ಸೋಲೋ ಬಗ್ಗೆ ಮಾತಾಡುತ್ತಾರೆ. ಮಾತಾಡಲೇಬೇಕು, ಬಾಖ್ ಶೈಲಿಯ ಸ್ವರಜೋಡಣೆಯ ಮೇಲೆ ಬ್ಲ್ಯಾಕ್‌ಮೋರ್ ಮೊದಲೇ ಕೂತು ಹೆಣೆದ ಸೋಲೋ ಅದು. ಆದರೆ ಅದಕ್ಕೂ ಮೊದಲು ಆರ್ಗನ್ ಸೋಲೋ ಬರುತ್ತದೆ. ದಾರಿ ಹಾಕಿಕೊಡುವುದು ಅದು. ಈ ಹಾಡು ಹುಟ್ಟಿದ್ದು ಬಸ್ಸಿನಲ್ಲಿ. 1971ರಲ್ಲಿ ಪೋರ್ಟ್ಸ್‌ಮತ್‌ಗೆ ಹೋಗುವಾಗ ಜೊತೆಗಿದ್ದ ಪತ್ರಕರ್ತರೊಬ್ಬರು ‘ನೀವು ಹಾಡು ಹೇಗೆ ಕಟ್ಟುತ್ತೀರಿ’ ಅಂತ ಕೇಳಿದರಂತೆ. ಬ್ಲ್ಯಾಕ್‌ಮೋರ್ ಗಿಟಾರ್ ತೆಗೆದುಕೊಂಡು ಒಂದೇ ಸ್ವರವನ್ನು ಒಂದೇ ಸಮನೆ ಬಾರಿಸತೊಡಗಿದರು, ಗಿಲನ್ ಅದರ ಮೇಲೆ ಹಾಡಿದರು.

ನಿಮಗೆ ‘ಲೇಜಿ’ ಹಿಡಿಸಲಿಲ್ಲ ಅಂತ ನನ್ನ ಊಹೆ. ಏಳು ನಿಮಿಷ ದಾಟುತ್ತದೆ, ಹಾಡುವ ದನಿ ಬರುವುದೇ ನಾಲ್ಕು ನಿಮಿಷ ಆದ ಮೇಲೆ. ಇದು ಉದ್ದ ಜಾಸ್ತಿ, ಜಾಗ ತುಂಬಿಸಲು ಹಾಕಿದ್ದು ಅಂತ ಬೈಯುವವರು ಇದ್ದಾರೆ. ನನಗೆ ಇಡೀ ಆಲ್ಬಂನ ಜೀವ ಅದು. ಮೊದಲಿಗೆ ಲಾರ್ಡ್ ಒಬ್ಬರೇ. ಆರ್ಗನ್ ಹರಿದ ದನಿಯಲ್ಲಿ ಏನನ್ನೋ ಹುಡುಕುತ್ತಾ ಹೋಗುತ್ತದೆ, ತಾಳ ಇನ್ನೂ ಇಲ್ಲ. ನಮ್ಮಲ್ಲಿ ಕಚೇರಿ ಕೇಳಿದವರಿಗೆ ಇದು ಹೊಸದಲ್ಲ: ಕೃತಿಗೆ ಮುಂಚೆ ಆಲಾಪನೆಯಲ್ಲಿ ಕಾಯುವ ಹಾಗೆಯೇ ಇಲ್ಲೂ ಕಾಯಬೇಕು. ಆಮೇಲೆ ಪೇಸ್ ಉಯ್ಯಾಲೆ ತೂಗಿದಂಥ ನಡೆ ಹಿಡಿಯುತ್ತಾರೆ. ಗಿಟಾರ್ ಒಂದು ಮಾತು ಹೇಳುತ್ತದೆ, ಆರ್ಗನ್ ಉತ್ತರ ಕೊಡುತ್ತದೆ. ಗಿಲನ್ ಬರುವ ಹೊತ್ತಿಗೆ ಹಾಡು ಅರ್ಧ ಮುಗಿದಿರುತ್ತದೆ. ಅವರು ನಾಲ್ಕು ಸಾಲು ಹಾಡಿ ಹಾರ್ಮೋನಿಕಾ ಊದುತ್ತಾರೆ. ಒಬ್ಬರೂ ಆತುರ ಪಡುವುದಿಲ್ಲ. ಇದನ್ನು ಕೆಲಸ ಮಾಡುತ್ತಾ, ಫೋನ್ ನೋಡುತ್ತಾ ಕೇಳಿದರೆ ಏನೂ ಸಿಗಲ್ಲ. ಸುಮ್ನೆ ಕೂತು ಕೇಳಬೇಕು.

‘ಪಿಕ್ಚರ್ಸ್ ಆಫ್ ಹೋಮ್’ ಹಳೆಯ ಕೇಳುಗರ ಗುಟ್ಟಿನ ಮೆಚ್ಚಿನ ಹಾಡು. ಪೇಸ್ ಅವರ ಡ್ರಮ್ಸಿನಿಂದ ಶುರು, ನಡುವೆ ಗ್ಲೋವರ್ ಅವರ ಬಾಸ್ ಸೋಲೋ, ಮುಗಿಯಿತು ಅಂದುಕೊಂಡಾಗ ಮತ್ತೆ ಎದ್ದು ಬರುತ್ತದೆ. ‘ಮೇಬಿ ಐಯಾಮ್ ಎ ಲಿಯೋ’ ನಿಧಾನದ ನಡೆಯ ಹಾಡು, ನನಗೆ ಇಷ್ಟ, ಅಷ್ಟೇ. ‘ನೆವರ್ ಬಿಫೋರ್’ ಬಗ್ಗೆ ಮಾತ್ರ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: ಏಳರಲ್ಲಿ ಸಪ್ಪೆಯಾದದ್ದು ಅದು. ನಾನೂ ಒಪ್ಪುತ್ತೇನೆ. ವಿಚಿತ್ರ ಅಂದರೆ ಇದೇ ಓಡುತ್ತದೆ ಅಂತ ನಂಬಿ ಬ್ಯಾಂಡ್ ಮೊದಲು ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡಾಗಿ, ಬಿಟ್ಟದ್ದು ಈ ಹಾಡನ್ನು. ‘ಸ್ಮೋಕ್’ ಮೇಲೆ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ಅದು ಅಮೆರಿಕದಲ್ಲಿ ಸಿಂಗಲ್ ಆಗಿ ಬಂದು ನಾಲ್ಕನೆಯ ಸ್ಥಾನಕ್ಕೆ ಹೋದದ್ದು ಮಾರನೆಯ ವರ್ಷ, 1973ರಲ್ಲಿ.

ಆ ‘ನೆವರ್ ಬಿಫೋರ್’ ಸಿಂಗಲ್‌ನ ಹಿಂಬದಿಯಲ್ಲಿ ಒಂದು ಹಾಡು ಇತ್ತು: ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’. ಮೊಂಟ್ರೊದಲ್ಲೇ ರೆಕಾರ್ಡ್ ಆದದ್ದು. ಬ್ಲ್ಯಾಕ್‌ಮೋರ್‌ಗೆ ಹಿಡಿಸಲಿಲ್ಲ ಅಂತ ಆಲ್ಬಂನಿಂದ ಹೊರಗೆ ಬಿತ್ತು. ಇದು ನನಗೆ ಇವತ್ತಿಗೂ ಸಂಕಟದ ವಿಷಯ. ಆ ಆಲ್ಬಂನಲ್ಲಿ ಮೆಲ್ಲಗಿನ ಹಾಡು ಒಂದೂ ಇಲ್ಲ, ಇದ್ದ ಒಂದನ್ನೂ ತೆಗೆದರು. ಗಿಲನ್ ಕಿರುಚದೆ, ದನಿ ತಗ್ಗಿಸಿ ಎಷ್ಟು ಚೆನ್ನಾಗಿ ಹಾಡಬಲ್ಲರು ಅಂತ ಅದರಲ್ಲಿ ಗೊತ್ತಾಗುತ್ತದೆ. 2012ರಲ್ಲಿ ಈ ಆಲ್ಬಮ್ಮಿಗೆ ಗೌರವ ಅಂತ ಬೇರೆ ಬೇರೆ ಬ್ಯಾಂಡುಗಳು ಹಾಡಿದ ಸಂಗ್ರಹ ಬಂತು. ಅದರಲ್ಲಿ ಮೆಟಾಲಿಕಾ ಹಾಡಿದ್ದು ಈ ಹೊರಗಿಟ್ಟ ಹಾಡನ್ನೇ.

ಸಾಹಿತ್ಯ ಪೊಳ್ಳು ಅನ್ನುವ ದೂರೂ ಇದೆ. ‘ಹೈವೇ ಸ್ಟಾರ್’ನಲ್ಲಿ ಕಾರು ಮತ್ತು ಹುಡುಗಿಯ ಬಗ್ಗೆ ಜಂಬ, ‘ಸ್ಪೇಸ್ ಟ್ರಕಿನ್’ನಲ್ಲಿ ಗ್ರಹದಿಂದ ಗ್ರಹಕ್ಕೆ ಗಾಡಿ ಓಡಿಸುವ ತಮಾಷೆ. ದೂರು ಸರಿಯೇ. ಈ ಆಲ್ಬಂಗೆ ಕವಿತೆಗಾಗಿ ಯಾರೂ ಬರುವುದಿಲ್ಲ. ಆದರೆ ‘ಸ್ಮೋಕ್’ ಬೇರೆ. ಅಲ್ಲಿ ನಡೆದದ್ದನ್ನು ನಡೆದ ಹಾಗೆ, ಉಪ್ಪುಖಾರ ಹಾಕದೆ, ವರದಿಯ ಹಾಗೆ ಹೇಳಿದ್ದಾರೆ. ಅದಕ್ಕೇ ಅದು ಉಳಿಯಿತು.

ಇನ್ನು ದೊಡ್ಡ ಜಗಳ ಎರಡು. ಒಂದು, ಇದೇ ಬ್ಯಾಂಡಿನ 1970ರ ಆಲ್ಬಂ ‘ಇನ್ ರಾಕ್’ ಇದಕ್ಕಿಂತ ಮೇಲು ಅನ್ನುವುದು. ಅದು ಹೆಚ್ಚು ಒರಟು, ‘ಚೈಲ್ಡ್ ಇನ್ ಟೈಮ್’ ಅಂಥ ಹಾಡು ‘ಮಷೀನ್ ಹೆಡ್’ನಲ್ಲಿ ಇಲ್ಲ. ನಿಜ. ಆದರೆ ಪೂರ್ತಿ ಆಲ್ಬಂ ಒಂದೇ ಉಸಿರಿಗೆ ಕೇಳಿಸಿಕೊಳ್ಳುವುದು ಇದೇ.

ಎರಡನೆಯದು ಇನ್ನೂ ಗಟ್ಟಿ ವಾದ: ಸ್ಟುಡಿಯೋ ಆಲ್ಬಂ ಬಿಡಿ, ‘ಮೇಡ್ ಇನ್ ಜಪಾನ್’ ಕೇಳಿ. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ನುಡಿಸಿದ್ದನ್ನು ಹಿಡಿದ ಲೈವ್ ಆಲ್ಬಂ ಅದು. ಅದರ ಏಳು ಹಾಡಿನಲ್ಲಿ ನಾಲ್ಕು ‘ಮಷೀನ್ ಹೆಡ್’ನವು. ಇಲ್ಲಿ ಐದು ನಿಮಿಷಕ್ಕಿಂತ ಕಮ್ಮಿ ಇರುವ ‘ಸ್ಪೇಸ್ ಟ್ರಕಿನ್’ ಅಲ್ಲಿ ಹತ್ತಿರ ಹತ್ತಿರ 20 ನಿಮಿಷ. ಬೆಂಗಳೂರಿನಲ್ಲಿ ಹಳೆಯ ರಾಕ್ ಕೇಳುವ ಗುಂಪಿನಲ್ಲಿ ಕೂತರೆ ಅರ್ಧ ಜನ ಈ ಪಕ್ಷದವರು. ನಾನೂ ಒಂದು ಮಟ್ಟಿಗೆ ಇದೇ ಪಕ್ಷ. ನಿಮ್ಮಂಥವರಿಗೆ ಅದು ಸಹಾಯವನ್ನೂ ಮಾಡುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ, ಆರ್ಗನ್ ಒಂದು ಕಿವಿಗೆ, ಗಿಟಾರ್ ಇನ್ನೊಂದು ಕಿವಿಗೆ ಬರುತ್ತದೆ. ಲಾರ್ಡ್ ಏನು ಮಾಡುತ್ತಿದ್ದಾರೆ ಅಂತ ಹುಡುಕಬೇಕಾಗಿಯೇ ಇಲ್ಲ. ಅದನ್ನು ಒಮ್ಮೆ ಕೇಳಿ ‘ಮಷೀನ್ ಹೆಡ್’ಗೆ ವಾಪಸ್ ಬಂದರೆ, ಗಿಟಾರಿನ ಹಿಂದೆ ಅಡಗಿದ್ದ ಆರ್ಗನ್ ತಾನಾಗೇ ಎದ್ದು ಕೇಳಿಸುತ್ತದೆ.

ಯಾವ ಪ್ರತಿ ಕೇಳಬೇಕು ಅಂತ ನೀವು ಮುಂದೆ ಕೇಳಬಹುದು. 1997ರಲ್ಲಿ ಗ್ಲೋವರ್ ಮರುಮಿಶ್ರಣ ಮಾಡಿದರು, ಅಂದರೆ ಹಳೆಯ ರೆಕಾರ್ಡಿಂಗಿನ ವಾದ್ಯ, ದನಿಗಳನ್ನು ಹೊಸದಾಗಿ ಹೊಂದಿಸಿದರು. 2024ರಲ್ಲಿ ಇನ್ನೊಂದು ಬಂತು, ಮಾಡಿದವರು ಡ್ವೀಜಿಲ್ ಜಾಪಾ. ಹೌದು, ಅವತ್ತು ಕ್ಯಾಸಿನೋಗೆ ಬೆಂಕಿ ಬಿದ್ದಾಗ ವೇದಿಕೆ ಮೇಲಿದ್ದ ಫ್ರಾಂಕ್ ಜಾಪಾ ಅವರ ಮಗ. ಹೊಸದರಲ್ಲಿ ಎಲ್ಲಾ ಬಿಡಿಬಿಡಿಯಾಗಿ ಕೇಳುತ್ತದೆ ಅಂತ ಕೆಲವರು ಖುಷಿಪಟ್ಟರು, ಹಳೆಯ ಗಟ್ಟಿತನ ಹೋಯಿತು ಅಂತ ಕೆಲವರು ಮುನಿಸಿಕೊಂಡರು. ಮೊದಲ ಸಲಕ್ಕೆ 1972ರ ಮೂಲ ಮಿಶ್ರಣವನ್ನೇ ಕೇಳಿ. ಮಾರ್ಟಿನ್ ಬರ್ಚ್ ಆ ಚಳಿಯಲ್ಲಿ ಹಿಡಿದದ್ದನ್ನು ಯಾರೂ ತಿದ್ದದೆ ಕೇಳಬೇಕು ಅನ್ನುವುದು ನನ್ನ ಆಸೆ.

ಹಾಗಾದರೆ ಹೀಗೆ ಮಾಡಿ. ‘ಸ್ಮೋಕ್’ ಸದ್ಯಕ್ಕೆ ಬಿಟ್ಟುಬಿಡಿ. ಮೊದಲು ಜಪಾನಿನ ‘ಲೇಜಿ’, ಆಮೇಲೆ ಇಲ್ಲಿನ ‘ಲೇಜಿ’, ಆಮೇಲೆ ‘ಪಿಕ್ಚರ್ಸ್ ಆಫ್ ಹೋಮ್’. ಈ ಮೂರರಲ್ಲಿ ಒಂದೂ ಹಿಡಿಸಲಿಲ್ಲ ಅಂದರೆ ಈ ಆಲ್ಬಂ ನಿಮ್ಮದಲ್ಲ, ಒತ್ತಾಯ ಮಾಡಿಕೊಂಡು ಕೇಳಬೇಡಿ. ಹಿಡಿಸಿದರೆ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ತಪ್ಪಿಸಬೇಡಿ, ಈಗಿನ ಮರುಮುದ್ರಣಗಳಲ್ಲಿ ಅದನ್ನೂ ಸೇರಿಸಿದ್ದಾರೆ.