ಹಾಸ್ಟೆಲಿನಲ್ಲಿ ಜ್ವರ ಬಂದಿರುವ ಮಗಳಿಗೆ ದೂರದಿಂದ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ಮಗಳು ಹಾಸ್ಟೆಲ್ ಸೇರಿ ತಿಂಗಳೂ ಆಗಿಲ್ಲ, ನಿನ್ನೆಯಿಂದ ಜ್ವರ, ಎರಡು ಸಲ ವಾಂತಿ, ಫೋನ್ ಮಾಡಿದರೆ ಅಳುತ್ತಾಳೆ. ಹೊರಟುಬಿಡಲೇ, ಇಲ್ಲಿಂದಲೇ ಏನಾದರೂ ಮಾಡಬಹುದೇ?

ಹೊರಡುವ ವಿಚಾರ ಆಮೇಲೆ. ಮೊದಲು ಎರಡು ಕೆಲಸ ಮಾಡಿ. ಅವಳ ಕೋಣೆಗೆ ಯಾರಾದರೂ ಒಬ್ಬರು ಹೋಗಿ ನೋಡುವಂತೆ ಮಾಡಿ. ಮತ್ತು "ಹೇಗಿದ್ದೀಯಾ?" ಎಂದು ಕೇಳುವುದನ್ನು ಸದ್ಯಕ್ಕೆ ಬಿಡಿ. ಆ ಪ್ರಶ್ನೆಗೆ ಸಿಗುವ ಉತ್ತರದಿಂದ ಏನೂ ತಿಳಿಯುವುದಿಲ್ಲ. ಮನೆಯವರು ಗಾಬರಿಯಾಗದಿರಲಿ ಎಂದು ಕೆಲವರು "ಪರವಾಗಿಲ್ಲ" ಅನ್ನುತ್ತಾರೆ, ಸಣ್ಣ ಜ್ವರಕ್ಕೂ ಕೆಲವರು ಕಂಗೆಡುತ್ತಾರೆ. ಇಷ್ಟು ವರ್ಷ ಹಣೆ ಮುಟ್ಟಿ ನೋಡಿ, ಇದು ಎಷ್ಟರ ಜ್ವರ ಎಂದು ತೀರ್ಮಾನಿಸುತ್ತಿದ್ದವರು ನೀವು. ಆ ಅಂದಾಜು ಅವಳಿಗೆ ಇನ್ನೂ ಬಂದಿಲ್ಲ. ಆದ್ದರಿಂದ ಅಳೆಯಲು, ಎಣಿಸಲು ಆಗುವುದನ್ನೇ ಕೇಳಿ.

ಥರ್ಮಾಮೀಟರ್ ಎಷ್ಟು ತೋರಿಸಿತು, ಎಷ್ಟು ಗಂಟೆಗೆ? ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ, ಬಣ್ಣ ಹೇಗಿತ್ತು? ಬೆಳಿಗ್ಗೆಯಿಂದ ಎಷ್ಟು ಲೋಟ ಕುಡಿದೆ, ಅದು ಹೊಟ್ಟೆಯಲ್ಲಿ ನಿಂತಿತಾ? ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ? ಗದ್ದ ಎದೆಗೆ ತಾಗಿಸಲು ಆಗುತ್ತದಾ? ಮೈಮೇಲೆ ಎಲ್ಲಾದರೂ ಚುಕ್ಕೆ ಎದ್ದಿದೆಯಾ? ಉತ್ತರಗಳನ್ನು ಸಮಯದ ಸಮೇತ ಬರೆದಿಟ್ಟುಕೊಳ್ಳಿ. ನಾಳೆ ವೈದ್ಯರು ಕೇಳುವುದೂ ಇವನ್ನೇ. ಜ್ವರ ನೋಡುವ ಮುಂಚೆ 15 ನಿಮಿಷ ಬಿಸಿಯದೋ ತಣ್ಣಗಿನದೋ ಏನನ್ನೂ ಕುಡಿದಿರಬಾರದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ಕಂಕುಳಲ್ಲಿ ಇಟ್ಟು ನೋಡಿದರೆ ಅಂಕಿ ಸ್ವಲ್ಪ ಕಡಿಮೆಯೇ ಬರುತ್ತದೆ.

ಇನ್ನು ಹತ್ತಿರ ಇರಬೇಕಾದ ಆ ಒಬ್ಬರು ಯಾರು? ರೂಮ್‌ಮೇಟ್, ಪಕ್ಕದ ಕೋಣೆಯವಳು, ವಾರ್ಡನ್, ಯಾರಾದರೂ ಸರಿ. "ಸ್ವಲ್ಪ ನೋಡಿಕೊಳ್ಳಮ್ಮಾ" ಎಂದರೆ ಆ ಹುಡುಗಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ, ಅವಳೂ ಅದೇ ವಯಸ್ಸಿನವಳು. ಕೆಲಸವನ್ನು ಬಿಡಿಸಿ ಹೇಳಿ: ನಾಲ್ಕು ಗಂಟೆಗೊಮ್ಮೆ ಹೋಗಿ ಮಾತಾಡಿಸು, ನೀರಿನ ಬಾಟಲಿ ತುಂಬಿಸಿಡು, ಮಾತು ತಡವರಿಸಿದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ತಕ್ಷಣ ವಾರ್ಡನ್‌ಗೆ ತಿಳಿಸಿ ನನಗೆ ಫೋನ್ ಮಾಡು. ವಾರ್ಡನ್ ನಂಬರನ್ನೂ ಕಾಲೇಜಿನ ಆರೋಗ್ಯ ಕೇಂದ್ರದ ನಂಬರನ್ನೂ ಈಗಲೇ ತೆಗೆದುಕೊಳ್ಳಿ. ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಳ್ಳಬೇಡ ಎಂದು ಮಗಳಿಗೆ ಹೇಳಿ. ರಾತ್ರಿ ಮಲಗುವಾಗ ಒಂದು, ಬೆಳಿಗ್ಗೆ ಎದ್ದಾಗ ಒಂದು ಸಂದೇಶ ಬರಬೇಕು. ಗೊತ್ತುಮಾಡಿದ ಹೊತ್ತು ಕಳೆದು ಅರ್ಧ ಗಂಟೆಯಾದರೂ ಬರದಿದ್ದರೆ ನೀವು ವಾರ್ಡನ್‌ಗೆ ಫೋನ್ ಮಾಡುತ್ತೀರಿ ಎಂಬುದು ಅವಳಿಗೂ ಮೊದಲೇ ಗೊತ್ತಿರಲಿ. ಆಗ ನೀವು ಗಂಟೆಗೊಮ್ಮೆ ಕರೆದು ಅವಳ ನಿದ್ದೆ ಕೆಡಿಸಬೇಕಾಗಿಲ್ಲ.

ವಾಂತಿ ಇರುವುದರಿಂದ ಊಟಕ್ಕಿಂತ ನೀರಿನ ಚಿಂತೆ ದೊಡ್ಡದು. ಒಂದು ದಿನ ಸರಿಯಾಗಿ ತಿನ್ನದಿದ್ದರೆ ಅವಳ ವಯಸ್ಸಿನವರಿಗೆ ಅಪಾಯವೇನಿಲ್ಲ, ನೀರು ಇಳಿಯದಿದ್ದರೆ ಇದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ವಾಂತಿ ನಿಂತ ತಕ್ಷಣ ಒಂದು ಲೋಟ ನೀರು ಗಟಗಟ ಕುಡಿಯುವುದು. ಕೆರಳಿದ ಹೊಟ್ಟೆ ಅದನ್ನು ಹಾಗೇ ವಾಪಸ್ ಕಳಿಸುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು, ನಂತರ ನಿಮಿಷಕ್ಕೊಂದು ಚಮಚದಂತೆ ಶುರುಮಾಡಿ, ನಿಂತರೆ ನಿಧಾನವಾಗಿ ಹೆಚ್ಚಿಸಲಿ. ಓಆರ್‌ಎಸ್ ಸಿಕ್ಕರೆ ಅದೇ ಉತ್ತಮ. ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟರಲ್ಲೇ ಪೂರ್ತಿ ಪುಡಿ ಕಲಸಬೇಕು. ಒಂದು ಲೀಟರಿನ ಪ್ಯಾಕೆಟನ್ನು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಹಾನಿಯಾಗುತ್ತದೆ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ರುಚಿಗಲ್ಲ: ಕರುಳಿನಲ್ಲಿ ಗ್ಲೂಕೋಸ್ ಜೊತೆಗೇ ಸೋಡಿಯಂ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು. ಎಂಟು ಗಂಟೆ ಮೂತ್ರವೇ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಇನ್ನು ಕೋಣೆಯಲ್ಲಿಟ್ಟುಕೊಂಡು ನೋಡುವ ಹಂತ ಮುಗಿದಿದೆ, ವೈದ್ಯರ ಬಳಿ ಹೋಗಬೇಕು.

ಮಾತ್ರೆಯ ವಿಚಾರದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ವಯಸ್ಕರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಸಲದ ನಡುವೆ ಕಡಿಮೆಯೆಂದರೂ 4 ಗಂಟೆ ಅಂತರ, 24 ಗಂಟೆಯಲ್ಲಿ 4 ಗ್ರಾಂ ದಾಟಲೇಬಾರದು. ತೂಕ 50 ಕಿಲೋಗಿಂತ ಕಡಿಮೆಯಿದ್ದರೆ, ಯಕೃತ್ತಿನ ತೊಂದರೆ ಇದ್ದರೆ, ಅವಳಿಗೆ ಎಷ್ಟು ಎಂದು ಔಷಧಿ ಅಂಗಡಿಯ ಫಾರ್ಮಸಿಸ್ಟ್‌ರನ್ನೋ ವೈದ್ಯರನ್ನೋ ಕೇಳಿಯೇ ತೆಗೆದುಕೊಳ್ಳಬೇಕು. ಎಡವಟ್ಟಾಗುವುದು ಎಲ್ಲಿ ಗೊತ್ತೇ? ನೆಗಡಿ, ಮೈಕೈ ನೋವಿಗೆಂದು ಸ್ನೇಹಿತರು ಕೊಡುವ ಬೇರೆ ಬೇರೆ ಹೆಸರಿನ ಮಾತ್ರೆಗಳಲ್ಲೂ ಹಲವುಸಲ ಪ್ಯಾರಾಸಿಟಮಾಲೇ ಇರುತ್ತದೆ. ಹೆಸರು ಬೇರೆ, ಮದ್ದು ಒಂದೇ, ಪ್ರಮಾಣ ಮಾತ್ರ ಎರಡು ಪಟ್ಟು. ಹೆಚ್ಚಾದರೆ ಮೊದಲ ದಿನ ಏನೂ ಅನ್ನಿಸದೆಯೂ ಇರಬಹುದು, ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹಾಗಾಗಿ ಪ್ರತಿ ಮಾತ್ರೆ ಪಟ್ಟಿಯ (ಸ್ಟ್ರಿಪ್) ಫೋಟೋ ಕಳಿಸಲು ಹೇಳಿ, ನೀವೇ ಓದಿ. ವಾಂತಿಯಿಂದ ಬಳಲಿದವರಿಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಬೇಡ, ನೀರಿನಂಶ ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಡೆಂಗಿ ಇರುವ ಪ್ರದೇಶವಾದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಾರೋ ಉಳಿಸಿಟ್ಟ ಆ್ಯಂಟಿಬಯಾಟಿಕ್ ಅಂತೂ ಮುಟ್ಟಲೇಬಾರದು.

ಈಗ ಕಾಯಬಾರದ ಸಂದರ್ಭಗಳು. ಕತ್ತು ಬಿಗಿದು ಗದ್ದ ಎದೆಗೆ ತಾಗದಿರುವುದು, ತಡೆಯಲಾಗದ ತಲೆನೋವು, ಬೆಳಕು ನೋಡಲಾಗದಿರುವುದು, ಮೈ ಸುಡುತ್ತಿದ್ದರೂ ಕೈಕಾಲು ತಣ್ಣಗಿರುವುದು, ಗೊಂದಲದ ಮಾತು: ಇವು ಮೆದುಳನ್ನು ಸುತ್ತಿರುವ ಪೊರೆಯ ಸೋಂಕಾದ ಮೆನಿಂಜೈಟಿಸ್‌ನ ಲಕ್ಷಣಗಳಿರಬಹುದು. ಹೊಸದಾಗಿ ಹಾಸ್ಟೆಲ್ ಸೇರಿದವರಿಗೆ ಈ ಅಪಾಯ ಉಳಿದವರಿಗಿಂತ ಹೆಚ್ಚು, ಏಕೆಂದರೆ ಬೇರೆ ಬೇರೆ ಊರಿನಿಂದ ಬಂದವರು ಒಮ್ಮೆಲೇ ಒತ್ತಾಗಿ ಬದುಕತೊಡಗುತ್ತಾರೆ, ಒಬ್ಬರ ಗಂಟಲಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ದಾಟುತ್ತದೆ. ಶುರುವಿನಲ್ಲಿ ಸಾದಾ ಫ್ಲೂ ತರಹವೇ ಕಾಣಿಸಿ ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಚುಕ್ಕೆಗಳಿದ್ದರೆ ಗಾಜಿನ ಲೋಟದ ಬದಿಯಿಂದ ಒತ್ತಿ ನೋಡಬೇಕು. ಒತ್ತಿದರೂ ಮಾಸದಿದ್ದರೆ ಆ ಕ್ಷಣವೇ ತುರ್ತು ಚಿಕಿತ್ಸೆಗೆ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ ನೋಡಬೇಕು. ಆದರೆ ಚುಕ್ಕೆ ಬರಲಿ ಎಂದು ಕಾಯಬೇಡಿ, ಕೆಲವರಿಗೆ ಬರುವುದೇ ಇಲ್ಲ. ಈ ಕಾಯಿಲೆಯ ಮುಖ್ಯ ಬಗೆಗಳಿಗೆ ಲಸಿಕೆ ಇದೆ. ಮಗಳಿಗೆ ಹಾಕಿಸಿದ್ದೀರಾ ಎಂದು ದಾಖಲೆ ತೆಗೆದು ನೋಡಿ.

ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಸರಿಯುವ ನೋವು ಅಪೆಂಡಿಕ್ಸಿನದ್ದಿರಬಹುದು. ಒಂದು ವಾಕ್ಯ ಮುಗಿಸಲು ಉಸಿರು ಸಾಲದಿದ್ದರೆ, ವಾಂತಿಯಲ್ಲೋ ಮಲದಲ್ಲೋ ರಕ್ತ ಕಂಡರೆ ಅವೂ ತುರ್ತೇ. ಇವೇನೂ ಇಲ್ಲದಿದ್ದರೂ ಜ್ವರ ಮೂರು ದಿನ ದಾಟಿದರೆ ವೈದ್ಯರು ನೋಡಲೇಬೇಕು.

ಇನ್ನು, ನೀವು ಹೊರಡಬೇಕೇ? ಆಸ್ಪತ್ರೆಗೆ ಸೇರಿಸಿದರೆ ಹೊರಡಿ. ಕುಡಿದದ್ದು ನಿಲ್ಲುತ್ತಿಲ್ಲ, ನೋಡಿಕೊಳ್ಳಲು ಅಲ್ಲಿ ಯಾರೂ ಸಿಗುತ್ತಿಲ್ಲ ಎಂದರೂ ಹೊರಡಿ. ಆದರೆ ಮೇಲಿನ ತುರ್ತು ಲಕ್ಷಣ ಕಂಡರೆ ನೀವು ತಲುಪುವವರೆಗೆ ಯಾರೂ ಕಾಯಬಾರದು, ಮೊದಲು ಆಂಬುಲೆನ್ಸ್. ಜ್ವರ ಇಳಿದು ಏರುತ್ತಿದ್ದರೂ ನೀರು ನಿಲ್ಲುತ್ತಿದೆ, ಮಾತು ಸ್ಪಷ್ಟವಾಗಿದೆ, ರೂಮ್‌ಮೇಟ್ ಜೊತೆಗಿದ್ದಾಳೆ ಎಂದಾದರೆ ಒಂದು ದಿನ ತಾಳಬಹುದು. ಅವಳ ಅಳುವಿನಲ್ಲಿ ಜ್ವರ ಎಷ್ಟೋ ಮನೆಯ ನೆನಪೂ ಅಷ್ಟೇ ಇರುತ್ತದೆ. ಪ್ರಶ್ನೆಗಳು ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಮಾತಾಡಿ, ಬುದ್ಧಿವಾದ ಬೇಡ. 18 ತುಂಬಿದವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಅನೇಕ ಕಡೆ ವೈದ್ಯರು ತಂದೆತಾಯಿಗೂ ಹೇಳುವುದಿಲ್ಲ. ವೈದ್ಯರ ಎದುರಲ್ಲೇ ಫೋನ್ ಸ್ಪೀಕರ್‌ಗೆ ಹಾಕಿ "ಇವರ ಜೊತೆ ಮಾತಾಡಬಹುದು" ಎಂದು ಅವಳೇ ಹೇಳಲಿ.

ತರಗತಿ ತಪ್ಪಿದ್ದಕ್ಕೆ ಅಧ್ಯಾಪಕರಿಗೆ ಈ ದಿನವೇ ಎರಡು ಸಾಲಿನ ಇಮೇಲ್ ಹೋಗಲಿ. ವಾಂತಿ ಸಾಂಕ್ರಾಮಿಕವಾಗಿರಬಹುದು, ಹಾಗಾಗಿ ಕೊನೆಯ ವಾಂತಿಯಾಗಿ 48 ಗಂಟೆ ಕಳೆಯುವವರೆಗೆ ತರಗತಿಗೆ ಹೋಗಬಾರದು, ಬೇರೆಯವರಿಗೆ ಊಟ ಬಡಿಸಬಾರದು. ಕೈಗೆ ಸ್ಯಾನಿಟೈಸರ್ ಸಾಲದು, ಸೋಪು ನೀರು ಬೇಕು.

ಜ್ವರ ಹೋಗಿಯೂ ಗಂಟಲು ನೋವು, ಕುತ್ತಿಗೆಯ ಗಂಟು, ಏಳಲಾರದಷ್ಟು ಸುಸ್ತು ವಾರಗಟ್ಟಲೆ ಉಳಿದರೆ, ಈ ವಯಸ್ಸಿನಲ್ಲಿ ಸಾಮಾನ್ಯವಾದ ವೈರಸ್ ಸೋಂಕು ಮೊನೊನ್ಯೂಕ್ಲಿಯೋಸಿಸ್ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಲಿ. ಅದರಲ್ಲಿ ಹೊಟ್ಟೆಯ ಎಡಗಡೆ ಮೇಲ್ಭಾಗದಲ್ಲಿರುವ ಗುಲ್ಮ (ಸ್ಪ್ಲೀನ್) ಊದಿಕೊಂಡಿರಬಹುದು, ಪೆಟ್ಟು ಬಿದ್ದರೆ ಒಡೆಯುವ ಅಪಾಯವಿದೆ. ವೈದ್ಯರು ಸರಿ ಎನ್ನುವವರೆಗೆ ಮೈಗೆ ಮೈ ತಾಗುವ ಆಟಗಳನ್ನು ಆಡಬಾರದು.